ನಮ್ಮೂರ ಹೆಸರಿನ ಕಪ್ಪೆ

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮನುಷ್ಯನ ಹೆಸರಿಗಿಂತ ಅವನ ನೆಲೆಯ ಹೆಸರಿಗೇ ಮನ್ನಣೆ ಹೆಚ್ಚು. ಮಂಗೇಶರಾಯರೆಂದರೆ ಯಾರೆಂದು ಕೇಳುವವರೂ ‘ಪಂಜೆಯವರು’ ಎಂದೊಡನೆ ತಲೆದೂಗುತ್ತಾರೆ. ಶಂಕರಭಟ್ಟರು ಊರಿಗೆ ಹತ್ತು ಮಂದಿ ಇದ್ದಾರು, ಕಡೆಂಗೋಡ್ಲು ಒಬ್ಬರೇ. ಸೇಡಿಯಾಪು ಎಂದರಾಯಿತು, ಕೃಷ್ಣಭಟ್ಟರ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೀಗೆ ಊರಿನ ಹೆಸರನ್ನು ಹೊತ್ತು ಮೆರೆಯುವ ಭಾಗ್ಯವು ಕವಿಗಳಿಗೂ ಪಂಡಿತರಿಗೂ ಸಲ್ಲತಕ್ಕದ್ದೆಂದು ನಾವು ಇದುವರೆಗೆ ಎಣಿಸಿಕೊಂಡಿದ್ದೆವು. ಆದರೆ ೨೦೧೮ನೆಯ ಇಸವಿಯಲ್ಲಿ ಆ ಗೌರವವು ಒಂದು ಅಂಗುಲವೂ ತುಂಬದ ಒಂದು ಕಪ್ಪೆಗೆ ಸಂದಿತು. ವಿದ್ವಾಂಸರು ಅದನ್ನು ‘ಮೈಕ್ರೋಹೈಲ ಕೊಡಿಯಾಲ್’ ಎಂದು ಕರೆದರು. ಕೊಡಿಯಾಲ್ ಎಂಬುದು ಕೊಂಕಣಿಗರ ಬಾಯಲ್ಲಿ ಮಂಗಳೂರಿನ ಹೆಸರು. ತುಳುವರು ಕುಡ್ಲವೆನ್ನುವ ಊರನ್ನೇ ಅವರು ಹಾಗೆನ್ನುತ್ತಾರೆ. ನಾವು ವಾಸವಾಗಿರುವ ಕೊಡಿಯಾಲ್‌ಬೈಲಿನ ಹೆಸರಿನಲ್ಲಿಯೂ ಇರುವುದು ಆ ಶಬ್ದವೇ. ಆದುದರಿಂದ ಈ ಪ್ರಾಣಿಯು ನಮಗೆ ಹೆಸರಿನ ಮಟ್ಟಿಗಾದರೂ ನಂಟನಾಯಿತು. ನಂಟರ ಯೋಗಕ್ಷೇಮವನ್ನು ವಿಚಾರಿಸುವುದು ಗೃಹಸ್ಥರ ಧರ್ಮವಷ್ಟೆ.

ಈ ವಿಚಾರವು ನಮ್ಮ ಮನೆಯೊಳಗೆ ಬಂದುದು ಬೇರೊಂದು ಕಪ್ಪೆಯ ಹಿಂದೆ. ಶಾಲೆಗೆ ಹೋಗುವ ನಮ್ಮ ತಮ್ಮನ ಮಗನು ಕೊಂಬುಳ್ಳ ಒಂದು ಕಪ್ಪೆಯ ಚಿತ್ರವನ್ನು ತಂದು, “ದೊಡ್ಡಪ್ಪಾ, ಇಂಥದು ನಮ್ಮ ಅಂಗಳದಲ್ಲಿ ಉಂಟೋ?” ಎಂದು ಕೇಳಿದನು. ಚಿತ್ರವೇನೋ ವಿಚಿತ್ರವಾಗಿತ್ತು. ಒಣಗಿದ ಎಲೆಯ ಬಣ್ಣ. ಎಲೆಯ ನರಗಳಂತೆ ಬೆನ್ನಿನ ಮೇಲೆ ಏಣುಗಳು. ಎರಡು ಕಣ್ಣುಗಳ ಮೇಲೂ ಹುಬ್ಬು ಎದ್ದು ಮೊನಚಾದಂತೆ ಒಂದೊಂದು ಕೋಡು. ಆದರೆ ಅದು ದನದ ಕೊಂಬಿನಂತಹುದಲ್ಲ. ಒಳಗೆ ಎಲುಬಿಲ್ಲ, ಮೇಲಿನ ರೆಪ್ಪೆಯ ತೊಗಲೇ ಮಡಿಸಿ ಚಾಚಿಕೊಂಡದ್ದು. ಅದರಿಂದ ಯಾರನ್ನೂ ಹಾಯಲಿಕ್ಕಾಗುವುದಿಲ್ಲ. ಕಪ್ಪೆಯು ತರಗೆಲೆಗಳ ನಡುವೆ ಮಿಸುಕದೆ ಕುಳಿತಾಗ ಕಣ್ಣಿನ ದುಂಡು ಹೊರಗೆ ತೋರದಂತೆ ಮರೆಮಾಡುವುದೇ ಅದರ ಉಪಯೋಗವೆಂದು ತೋರುತ್ತದೆ. ಮಲಯ, ಸುಮಾತ್ರಾ, ಬೋರ್ನಿಯೊ ಕಾಡುಗಳಲ್ಲಿ ಈ ಕೋಡು ದೊಡ್ಡದಾಗಿರುವ ಜಾತಿಯುಂಟು. ಚಿಕ್ಕ ಜಾತಿಗಳಲ್ಲಿ ಅದು ಸಾಸಿವೆ ಕಾಳನ್ನು ಅಂಟಿಸಿದಂತೆ ಒಂದು ಗುಬುಟು ಮಾತ್ರ.

ಈ ಬಳಗದ ಗೊದಮೊಟ್ಟೆಗಳು ಇನ್ನೂ ವಿಚಿತ್ರ. ಅವುಗಳ ಬಾಯಿಯು ಮೇಲ್ಮುಖವಾಗಿ ಆಲಿಕೆಯ ಆಕಾರದಲ್ಲಿ ಅರಳಿಕೊಂಡಿದೆ. ಕಾಡುತೊರೆಯ ಅಂಚಿನಲ್ಲಿ ನೀರಿನ ಮೇಲ್ಮೈಗೆ ಬಾಯಿಯನ್ನು ತೆರೆದಿಟ್ಟು, ತೇಲಿ ಬಂದ ಸೂಕ್ಷ್ಮ ಆಹಾರವನ್ನು ಅವು ಒಳಗೆಳೆದುಕೊಳ್ಳುತ್ತವೆ.

ಹುಡುಗನಿಗೆ ನಾವು ಹೇಳಿದ ಉತ್ತರದಿಂದ ಅವನಿಗೆ ನಿರಾಶೆಯಾಯಿತು. ನಮ್ಮ ದೇಶದಲ್ಲಿ ಕೊಂಬಿನ ಕಪ್ಪೆಗಳಿರುವುದು ಹಿಮಾಲಯದ ತಪ್ಪಲುಗಳಲ್ಲಿಯೂ ಈಶಾನ್ಯದ ಬೆಟ್ಟಗಳಲ್ಲಿಯೂ ಮಾತ್ರ. ಅಲ್ಲಿಂದ ಬ್ರಹ್ಮದೇಶ, ಚೀನಾ, ಸಯಾಮು, ಮಲಯಗಳವರೆಗೆ ಅವುಗಳ ನೆಂಟಸ್ತನ ಹಬ್ಬಿದೆ; ಸಹ್ಯಾದ್ರಿಗೆ ಅದು ಇಳಿದು ಬಂದಿಲ್ಲ. ಅದೇ ೨೦೧೮ರಲ್ಲಿ ಈಶಾನ್ಯ ಪ್ರಾಂತಗಳಿಂದ ಕೊಂಬಿನ ಕಪ್ಪೆಯ ನಾಲ್ಕು ಹೊಸ ಜಾತಿಗಳನ್ನು ವಿದ್ವಾಂಸರು ವಿವರಿಸಿದರು. ಅದುವರೆಗೆ ಒಂದೇ ಜಾತಿಯೆಂದು ತಿಳಿದುದು ಹಲವು ಜಾತಿಗಳ ಗುಂಪೆಂದು ಆಗ ಬೆಳಕಿಗೆ ಬಂದಿತು. “ಹಾಗಾದರೆ ನಮಗೆ ಯಾವುದೂ ಇಲ್ಲವೋ?” ಎಂದು ಹುಡುಗನು ಮುಖ ಸಣ್ಣದು ಮಾಡಿದಾಗ, ನಮ್ಮೂರ ಹೆಸರಿನ ಕಪ್ಪೆಯ ಕಥೆಯನ್ನು ಅವನಿಗೆ ಹೇಳಬೇಕಾಯಿತು. ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತೇವೆ.

ಮೈಕ್ರೋಹೈಲ ಕುಲದ ಕಪ್ಪೆಗಳಿಗೆ ಕನ್ನಡದಲ್ಲಿ ಕಿರುಬಾಯಿ ಕಪ್ಪೆಗಳೆನ್ನಬಹುದು. ತಲೆ ಚಿಕ್ಕದು, ಮೂತಿ ಚೂಪು, ಬಾಯಿ ಕಿರಿದು. ಮೈ ಮಾತ್ರ ಹಿಂದಕ್ಕೆ ಅಗಲವಾಗಿ ಪುಟ್ಟ ಬಟಾಣಿಗೆ ಕಾಲು ಮೂಡಿದಂತೆ ಕಾಣುತ್ತದೆ. ಇಷ್ಟು ಕಿರಿದಾದ ಬಾಯಿಗೆ ತಕ್ಕ ತುತ್ತೆಂದರೆ ಇರುವೆ, ಗೆದ್ದಲು ಮೊದಲಾದವುಗಳೇ. ಇಂತಹ ಕಪ್ಪೆಯೊಂದನ್ನು ಮಂಗಳೂರು ವಿಶ್ವವಿದ್ಯಾನಿಲಯದ ವಿನೀತ್ ಕುಮಾರ್, ರಾಜಶೇಖರ ಪಾಟೀಲ್ ಮತ್ತು ಬೆಂಗಳೂರಿನ ಅರವಿಂದ್ ಮೊದಲಾದ ವಿದ್ವಾಂಸರು ಕೂಡಿ ಪರೀಕ್ಷಿಸಿದರು. ಬರಿಯ ಕಣ್ಣಿನ ನೋಟವನ್ನು ಅವರು ನಂಬಲಿಲ್ಲ. ಕಾಲಿನ ಉದ್ದ, ಬೆರಳಿನ ತುದಿ, ಮೈಮೇಲಿನ ಗೆರೆಗಳನ್ನು ಅಳೆದರು. ಗಂಡು ಕಪ್ಪೆಯ ಕೂಗನ್ನು ಯಂತ್ರದಲ್ಲಿ ಹಿಡಿದು ಬೇರೆ ಜಾತಿಗಳ ಕೂಗಿನೊಡನೆ ಹೋಲಿಸಿದರು. ವಂಶವಾಹಿಗಳನ್ನೂ ತಾಳೆ ನೋಡಿದರು. ಮೂರು ಸಾಕ್ಷಿಗಳೂ ಒಂದೇ ಮಾತನ್ನು ಹೇಳಿದ ಮೇಲೆ ಇದು ಹೊಸ ಜಾತಿಯೆಂದು ‘ಜೂಟ್ಯಾಕ್ಸ’ ಎಂಬ ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ನ್ಯಾಯಸ್ಥಾನದಲ್ಲಿಯೂ ಇದಕ್ಕಿಂತ ಹೆಚ್ಚು ಎಚ್ಚರಿಕೆಯನ್ನು ನಾವು ಕಂಡಿಲ್ಲ.

ಸಿಕ್ಕಿದ ಸ್ಥಳವು ಯಾವುದು? ಘಟ್ಟದ ದಟ್ಟ ಕಾಡಲ್ಲ; ದೇವರ ಬನವೂ ಅಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ನವಮಂಗಳೂರು ಬಂದರು, ಸುತ್ತಲೂ ರಸಗೊಬ್ಬರ, ಎಣ್ಣೆ ಮೊದಲಾದವುಗಳ ಕಾರ್ಖಾನೆಗಳು. ಇವುಗಳ ನಡುವೆ ಉಳಿದುಕೊಂಡ, ಹಿಂದೆ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಒಂದು ನೆಲ. ಮಳೆಗಾಲದಲ್ಲಿ ಅಲ್ಲಿಯ ಹುಲ್ಲಿನಲ್ಲಿಯೂ ನೀರು ನಿಂತ ತಗ್ಗುಗಳಲ್ಲಿಯೂ ಈ ಕಪ್ಪೆಗಳ ಕೂಗು ಕೇಳಿಸಿತು. ೨೦೧೮ರ ಬರಹದಲ್ಲಿ ಇದಕ್ಕೆ ಹೇಳಿದ ನೆಲೆಯು ಅದೊಂದೇ. ಲೋಕದಲ್ಲಿ ಇಷ್ಟು ಬೆಟ್ಟ ಕಣಿವೆಗಳಿರಲು, ಲಾರಿಗಳು ಹಗಲಿರುಳು ಓಡಾಡುವ ಬಂದರಿನ ಮಗ್ಗುಲಲ್ಲಿ ಅದು ಗುಟ್ಟಾಗಿ ಸಂಸಾರ ಹೂಡಿತ್ತು.

ಇನ್ನು ಅದಕ್ಕಿಂತಲೂ ಆಶ್ಚರ್ಯದ ಮಾತುಂಟು. ನಮ್ಮ ಕರಾವಳಿಯಲ್ಲಿ ಕಿರುಬಾಯಿ ಕಪ್ಪೆಗಳು ಬೇರೆಯೂ ಇವೆ. ಮಣಿಪಾಲದ ಸುತ್ತಣ ಮುರಕಲ್ಲಿನ ಹಾಸುಗಳಲ್ಲಿ ಸಿಕ್ಕಿದ ಒಂದಕ್ಕೆ ೨೦೧೬ರಲ್ಲಿ ಆ ಕಲ್ಲಿನ ಹೆಸರನ್ನೇ ಇಟ್ಟು ‘ಮೈಕ್ರೋಹೈಲ ಲ್ಯಾಟರೈಟ್’ ಎಂದರು. ಅದರ ಉದ್ದ ಸುಮಾರು ೧.೬ ಸೆಂಟಿಮೀಟರು, ಹೆಬ್ಬೆರಳಿನ ಉಗುರಿನಷ್ಟು. ಕೊಡಿಯಾಲದ ಕಪ್ಪೆಯು ಇವುಗಳ ಸೋದರ ಸಂಬಂಧಿಯಾಗಿರಬೇಕೆಂದು ಯಾರೂ ಎಣಿಸುವಂತಹುದೇ. ಆದರೆ ವಂಶವಾಹಿಗಳು ಬೇರೆ ಕಥೆಯನ್ನು ಹೇಳಿದವು. ಅದರ ಹತ್ತಿರದ ಬಂಧುಗಳಿರುವುದು ಕಡಲಾಚೆಯ ಆಗ್ನೇಯ ಏಷ್ಯದಲ್ಲಿ. ಕೊಂಬಿನ ಕಪ್ಪೆಗಳ ನಾಡೇ ಇದರ ಬಂಧುಗಳ ನಾಡೂ ಹೌದು!

ಹಾಗಾದರೆ ಇದು ಇಲ್ಲಿಗೆ ಬಂದುದು ಹೇಗೆ? ೧೯೭೪ರಲ್ಲಿ ನವಮಂಗಳೂರು ಪ್ರಧಾನ ಬಂದರೆಂದು ಘೋಷಿತವಾಯಿತು. ಬಳಿಕ ಪರದೇಶದ ಮರದ ದಿಮ್ಮಿಗಳು ಹಡಗುಗಳಲ್ಲಿ ಇಲ್ಲಿಗೆ ಬಂದಿಳಿದುವು. ದಿಮ್ಮಿಯ ಸಿಪ್ಪೆಯ ಅಡಿಯಲ್ಲಿ, ಒದ್ದೆಯಾದ ಬಿರುಕಿನಲ್ಲಿ ಅಡಗಿದ ಕೆಲವು ಕಪ್ಪೆಗಳು ಟಿಕೇಟಿಲ್ಲದ ಪ್ರಯಾಣಿಕರಂತೆ ಬಂದು, ಇಲ್ಲಿಯ ಮಳೆಯನ್ನು ಕಂಡು ಇದೇ ನಮ್ಮೂರೆಂದುಕೊಂಡಿರಬಹುದೆ? ಇದು ಊಹೆ, ಆದರೆ ದಿಮ್ಮಿ ರಾಶಿ ಹಾಕಿದ ನೆಲದಲ್ಲಿಯೇ ಅದು ಸಿಕ್ಕಿದುದರಿಂದ ತಳ್ಳಿಹಾಕತಕ್ಕ ಊಹೆಯಲ್ಲ.

ನಾವು ಇಷ್ಟನ್ನು ಹೇಳುವಷ್ಟರಲ್ಲಿ ಜಗಲಿಯಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದ ನಮ್ಮ ಚಿಕ್ಕಮ್ಮನವರು, “ಹಾಗಾದರೆ ಅದು ನಮ್ಮದಲ್ಲ ಮಗಾ, ಬಂದದ್ದು. ಬಂದದ್ದಕ್ಕೆ ಊರಿನ ಹೆಸರು ಇಡುವುದೋ?” ಎಂದರು. ಎಂಬತ್ತು ದಾಟಿದ ಅವರ ಪ್ರಶ್ನೆಯು ಹಾಸ್ಯದ್ದಾಗಿರಲಿಲ್ಲ. ಮೂಲದವರು ಯಾರು, ಬಂದವರು ಯಾರು ಎಂಬ ಮಾತು ಇಂದು ಕಪ್ಪೆಗಳ ವಿಷಯದಲ್ಲಿ ಮಾತ್ರ ಆಡುವ ಮಾತಲ್ಲ. ಆದುದರಿಂದ ಅದನ್ನು ನಾವು ಸಾವಧಾನವಾಗಿ ಯೋಚಿಸಬೇಕಾಯಿತು.

ಚಿಕ್ಕಮ್ಮನವರ ಮುಂದಿದ್ದ ಮೊರವನ್ನೇ ನೋಡಿದೆವು. ಅದರಲ್ಲಿದ್ದುದು ಹಸಿಮೆಣಸು, ಬಟಾಟೆ, ಟೊಮೆಟೊ. ಮೂರೂ ಪಶ್ಚಿಮ ಗೋಲಾರ್ಧದಿಂದ ಕಡಲು ದಾಟಿ ಬಂದವು. ಹಿತ್ತಿಲಲ್ಲಿ ಗೇರುಮರ, ಅದನ್ನು ಬ್ರೆಜಿಲಿನಿಂದ ತಂದವರು ಪೋರ್ತುಗೀಸರು. ಪಕ್ಕದಲ್ಲಿ ಪಪ್ಪಾಯಿ, ಪೇರಳೆ, ಅನಾನಸು, ಅವೂ ಅಂತಹವೇ. ಮೆಣಸು ಪರದೇಶದಿಂದ ಬಂದ ಮೇಲೆ ನಮ್ಮ ಹಿರಿಯರು ಮೊದಲಿನ ಕಾಳುಮೆಣಸನ್ನು ‘ಒಳ್ಳೆಮೆಣಸು’ ಎಂದು ಕರೆದು ಅದರ ಹಿರಿಮೆಯನ್ನು ಉಳಿಸಿದರು; ಆದರೆ ಒಣಮೆಣಸಿಲ್ಲದೆ ಇಂದು ಈ ಜಿಲ್ಲೆಯಲ್ಲಿ ಯಾವ ಜಾತಿಯವರ ಮನೆಯಲ್ಲಿಯೂ ಪಲ್ಯವಾಗಲಿ ಸಾರಾಗಲಿ ಇಳಿಯುವುದಿಲ್ಲ. ನಮ್ಮ ತಲೆಯ ಮೇಲಿನ ಹಂಚನ್ನು ನೋಡಿರಿ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಂದೀಚೆಗೆ ‘ಮಂಗಳೂರು ಹಂಚು’ ಎಂಬ ಹೆಸರು ಕಡಲಾಚೆಗೂ ಹೋಯಿತು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ, ೧೮೯೪ರಲ್ಲಿ ಇದೇ ಊರಿನ ಮುದ್ರಾಲಯದಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲರೂ ಜರ್ಮನಿಯಲ್ಲಿ ಹುಟ್ಟಿದವರು. ಗೋವೆಯಿಂದ ಬಂದವರು, ಘಟ್ಟವಿಳಿದು ಬಂದವರು, ಹಡಗೇರಿ ಬಂದವರು, ಇವರೆಲ್ಲರನ್ನೂ ಲೆಕ್ಕದಿಂದ ತೆಗೆದರೆ ಬಂದರಿನ ಊರಿನಲ್ಲಿ ಉಳಿಯುವುದೇನು?

ಹಾಗೆಂದು ಬಂದುದೆಲ್ಲವೂ ಹಿತವೆಂದು ಹೇಳುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಮಳೆಗಾಲದಲ್ಲಿ ತೋಟಗಳಿಗೆ ಮುತ್ತಿಗೆ ಹಾಕುವ ಆಫ್ರಿಕದ ಬಸವನಹುಳುವನ್ನು ಕಂಡ ಕೃಷಿಕರು ಅಂತಹ ಮಾತಿಗೆ ನಗುತ್ತಾರೆ. ಗುಡ್ಡೆಗಳನ್ನೆಲ್ಲ ಮುಚ್ಚಿಬಿಟ್ಟ ಲಂಟಾನವೂ, ಜನರು ‘ಕಮ್ಯುನಿಸ್ಟ್ ಗಿಡ’ವೆನ್ನುವ ಕಳೆಯೂ, ಕೆರೆಗಳನ್ನು ಉಸಿರುಗಟ್ಟಿಸುವ ನೀರಿನ ಹಯಸಿಂತವೂ ಪರದೇಶದವೇ. ಬಂದವು ಎಲ್ಲಿಯವೆಂಬುದಕ್ಕಿಂತ ಬಂದ ಮೇಲೆ ಹೇಗಿರುತ್ತವೆಂಬುದನ್ನು ನೋಡಬೇಕು. ಒಂದು ಹಿಡಿ ನೆಲದಲ್ಲಿ ಇರುವೆ ಗೆದ್ದಲುಗಳನ್ನು ಹೆಕ್ಕಿಕೊಂಡಿರುವ ಈ ಬೆರಳುಗಾತ್ರವೂ ಇಲ್ಲದ ಪ್ರಾಣಿಯು ಯಾರ ಅನ್ನವನ್ನೂ ಕಸಿದಂತೆ ಕಾಣುವುದಿಲ್ಲ.

ಚಿಕ್ಕಮ್ಮನವರಿಗೆ ನಾವು ಹೇಳಿದ ಇನ್ನೊಂದು ಮಾತು ಇದು. ಕಪ್ಪೆಯು ಮೂಲದಲ್ಲಿ ನಮ್ಮದೇ ಆಗಿದ್ದರೆ, ಲೋಕದಲ್ಲಿ ಇದಕ್ಕೆ ನಾವು ಕಂಡ ಮನೆಯು ನಮ್ಮೂರೊಂದೇ. ಕಡಲಾಚೆಯಿಂದ ಬಂದುದಾಗಿದ್ದರೆ, ಅಲ್ಲಿ ಅದರ ಹುಟ್ಟೂರಿನ ಕಾಡುಗಳನ್ನು ಕಡಿದೇ ಆ ದಿಮ್ಮಿಗಳನ್ನು ಮಾಡಿದುದು. ಆ ಕಾಡಿನಲ್ಲಿ ಯಾರೂ ಅದನ್ನು ಗುರುತಿಸಿ ಹೆಸರಿಡುವ ಮೊದಲೇ ಅದರ ಮನೆಯು ಹಡಗು ಹತ್ತಿತು. ಹೇಗೆ ನೋಡಿದರೂ ಅದನ್ನು ‘ನಿನ್ನ ಊರಿಗೆ ಹೋಗು’ ಎಂದು ಅಟ್ಟುವ ದಾರಿಯಿಲ್ಲ. ಚಿಕ್ಕಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇರಲಿ ಪಾಪ” ಎಂದರು.

ಕಪ್ಪೆಗಳಿಗೆ ನಮ್ಮ ಊರಿನೊಡನೆ ಹೆಸರಿನ ಸಂಬಂಧವು ಇದೊಂದೇ ಅಲ್ಲ. ನಮ್ಮ ಮನೆಯಿಂದ ಕಾಣುವ ದೀಪಸ್ತಂಭದ ಗುಡ್ಡೆಯ ಮೇಲೆ ಜೆಸ್ವಿಟ್ ಪಾದ್ರಿಗಳು ೧೮೮೦ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜುಂಟಷ್ಟೆ. ೨೦೦೯ರಲ್ಲಿ ಮಂಗಳೂರಿನ ಮತ್ತು ಜಪಾನಿನ ವಿದ್ವಾಂಸರು ಕೂಡಿ ವಿವರಿಸಿದ ನೀರುಗಪ್ಪೆಯೊಂದಕ್ಕೆ ‘ಯೂಫ್ಲಿಕ್ಟಿಸ್ ಅಲೋಯ್ಸಿಯೈ’ ಎಂದು ಆ ಕಾಲೇಜಿನ ಹೆಸರನ್ನೇ ಇಟ್ಟರು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡ ಇನ್ನೊಂದು ಕಪ್ಪೆಗೆ ೨೦೧೪ರಲ್ಲಿ ‘ಕುಂಬಾರ’ನೆಂದು ಕನ್ನಡದ ಹೆಸರೇ ದೊರೆಯಿತು. ಅದರ ಗಂಡು ತೊರೆಯ ಕೆಸರನ್ನು ಕೈಗಳಿಂದ ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಡಕೆ ಮಾಡುವವನು ಮಣ್ಣನ್ನು ಮೆತ್ತುವಂತೆಯೇ ಅದರ ಕೆಲಸ. ಇಂತಹ ತಂದೆಯನ್ನು ಕಂಡ ಮೇಲೆ ‘ಕಪ್ಪೆಯ ಬುದ್ಧಿ’ ಎಂದು ಯಾರನ್ನೂ ಹಳಿಯುವ ಹಾಗಿಲ್ಲ.

ನಮ್ಮ ಹಿರಿಯರು ಕಪ್ಪೆಯನ್ನು ಹಾಸ್ಯಕ್ಕೂ ಎಳೆದರು, ದೇವಕಾರ್ಯಕ್ಕೂ ಕರೆದರು. ಲೋಕವನ್ನರಿಯದವನನ್ನು ಬಾವಿಯ ಕಪ್ಪೆಯೆಂದರು. ಒಟ್ಟಾಗದ ಜನರನ್ನು ಒಟ್ಟುಗೂಡಿಸುವುದನ್ನು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಎಂದರು. ಋಗ್ವೇದದ ಏಳನೆಯ ಮಂಡಲದಲ್ಲಿ ಮಳೆಗೆ ಎಚ್ಚತ್ತು ದನಿಗೂಡಿಸುವ ಕಪ್ಪೆಗಳನ್ನು ಕುರಿತು ಒಂದು ಸೂಕ್ತವೇ ಇದೆ. ಮಳೆ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ವಾಡಿಕೆಯು ನಮ್ಮ ನಾಡಿನಲ್ಲಿ ಇಂದಿಗೂ ಉಂಟು. ೨೦೧೯ರ ಜೂನಿನಲ್ಲಿ ಉಡುಪಿಯಲ್ಲಿ ಅಂತಹ ಮದುವೆಯೊಂದು ನಡೆಯಿತು. ಅದೇ ಬೇಸಗೆಯಲ್ಲಿ ಮಂಗಳೂರಿಗೆ ನೀರೂಡುವ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ, ನಗರದ ನಲ್ಲಿಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳಿಗೆ ಕೊಡಗಳನ್ನು ಸಾಲಿಡುವ ಕಾಲ ಬಂದರೆ, ಕಪ್ಪೆಗಳಿಗೆ ಮದುವೆ ಮಾಡಿದರೆ ಮಾತ್ರ ಸಾಲದು; ಅವುಗಳ ಸಂಸಾರಕ್ಕೊಂದು ಜಾಗವನ್ನೂ ಉಳಿಸಬೇಕು.

ಕಪ್ಪೆಯ ಸಂಸಾರಕ್ಕೆ ಬೇಕಾದುದೆಷ್ಟು? ಕಿರುಬಾಯಿ ಕಪ್ಪೆಗಳ ಗಂಡುಗಳು ಮೊದಲ ಮಳೆ ಬಿದ್ದು ತಗ್ಗಿನಲ್ಲಿ ನೀರು ನಿಂತೊಡನೆ ಹುಲ್ಲಿನ ಬುಡದಲ್ಲಿ ಕುಳಿತು ಗಂಟಲ ಚೀಲವನ್ನು ಉಬ್ಬಿಸಿ ಕೂಗುತ್ತವೆ. ಮೈಗಿಂತ ದನಿ ದೊಡ್ಡದು. ಕೇಳಿದವರು ಕಪ್ಪೆಯನ್ನು ಹುಡುಕುವುದು ದೊಡ್ಡ ಗಾತ್ರದಲ್ಲಿ. ಹೆಣ್ಣು ನೀರಿನ ಮೇಲೆ ಇಡುವ ಮೊಟ್ಟೆಗಳು ತೆಳ್ಳಗೆ ಹರಡಿದ ಹಾಳೆಯಂತೆ ತೇಲುತ್ತವೆ. ಅವುಗಳಿಂದ ಹೊರಡುವ ಗೊದಮೊಟ್ಟೆಗಳ ಮೈಯು ಗಾಜಿನಂತೆ ಪಾರದರ್ಶಕ. ಕಲ್ಲಿನ ಪಾಚಿಯನ್ನು ಕೆರೆಯುವ ಬದಲು, ನೀರಿನ ನಡುವೆ ತೂಗಿದಂತೆ ನಿಂತು, ನೀರಿನೊಳಗಿನ ಸೂಕ್ಷ್ಮ ಕಣಗಳನ್ನು ಸೋಸಿ ಅವು ಉಣ್ಣುತ್ತವೆ. ಬಾಲ ಕರಗಿ ಕಾಲು ಮೂಡಿದ ಮೇಲೆ ನೆಲಕ್ಕೆ ಏರುತ್ತವೆ. ಇಷ್ಟಕ್ಕೆ ಬೇಕಾದುದು ಮಳೆಯ ಕೆಲವು ವಾರ ನೀರು ಹಿಡಿಯುವ ಒಂದು ತಗ್ಗು, ಸುತ್ತ ಹುಲ್ಲು, ಅಡಗಲು ತರಗೆಲೆ. ಆದರೆ ಕಪ್ಪೆಯ ತೊಗಲು ನಮ್ಮ ತೊಗಲಿನಂತೆ ಬಿಗಿಯಾದುದಲ್ಲ. ಅದು ತೊಗಲಿನಿಂದಲೇ ನೀರು ಕುಡಿಯುತ್ತದೆ, ತೊಗಲಿನಿಂದಲೂ ಉಸಿರಾಡುತ್ತದೆ. ನೀರಿಗೆ ಸೇರಿದ ವಿಷವು ಅದರ ಮೈಗೂ ಸೇರಿತೆಂದೇ ಲೆಕ್ಕ. ೨೦೨೩ರಲ್ಲಿ ಪ್ರಕಟವಾದ ಲೋಕದ ಗಣತಿಯಲ್ಲಿ ೮,೦೧೧ ಉಭಯಚರ ಜಾತಿಗಳನ್ನು ಪರಿಶೀಲಿಸಿದಾಗ, ನೂರಕ್ಕೆ ಸುಮಾರು ೪೧ ಜಾತಿಗಳು ಅಳಿವಿನ ಭಯದಲ್ಲಿವೆಯೆಂದು ಕಂಡುಬಂದಿತು. ಹಕ್ಕಿಗಳಿಗಾಗಲಿ ಮೃಗಗಳಿಗಾಗಲಿ ಇಷ್ಟು ದುರವಸ್ಥೆಯಿಲ್ಲ.

ಬೈಲು ಎಂದರೇನೆಂದು ಘಟ್ಟದ ಮೇಲಿನ ವಾಚಕರಿಗಾಗಿ ಹೇಳುವುದು ಉಚಿತ. ನಮ್ಮ ಜಿಲ್ಲೆಯಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ತರವಾಗಿ ಎಣಿಸುತ್ತಾರೆ. ಎತ್ತರದ ಬೆಟ್ಟು ಗದ್ದೆಯು ಮಳೆಯ ಒಂದು ಬೆಳೆಗೆ ಮಾತ್ರ. ನಡುವಣ ಮಜಲಿಗೆ ಎರಡು. ಎಲ್ಲಕ್ಕೂ ತಗ್ಗಾದ ಬೈಲಿನಲ್ಲಿ ನೀರು ಬತ್ತದೆ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯಬಹುದು. ಸುತ್ತಣ ಗುಡ್ಡೆಗಳ ನೀರು ಇಳಿದು ಬಂದು ವಿಶ್ರಮಿಸುವ ಸ್ಥಳವೇ ಬೈಲು. ಇಂದು ಕೊಡಿಯಾಲ್‌ಬೈಲಿಗೆ ಬಂದವರು ನೋಡುವುದು ಕಚೇರಿಗಳನ್ನು, ಆಸ್ಪತ್ರೆಗಳನ್ನು, ವಿದ್ಯಾಶಾಲೆಗಳನ್ನು, ಬಿಷಪರ ಮನೆಯನ್ನು, ಸೆರೆಮನೆಯನ್ನು, ಬಹುಮಹಡಿಯ ಮನೆಗಳನ್ನು. ಗದ್ದೆಯು ಹೆಸರಿನಲ್ಲಿ ಮಾತ್ರ ಉಳಿದಿದೆ. ಚಿಕ್ಕಮ್ಮನವರು ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗ ಹಿತ್ತಿಲ ಬೇಲಿಯಾಚೆ ಕೊಳಕೆಯ ಪೈರು ಇತ್ತಂತೆ. ರಾತ್ರಿ ಕಪ್ಪೆಗಳ ಗದ್ದಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲವಂತೆ. ಈಗ ಮಳೆಗಾಲದ ರಾತ್ರಿ ಗೂಳಿಗಪ್ಪೆಯ ದನಿಯು ಅಪರೂಪ. ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ದೀಪ ಹಾಕಿದೊಡನೆ ನಮ್ಮನ್ನೇ ದಿಟ್ಟಿಸುವ ಮರಗಪ್ಪೆಯೊಂದು, ಬಾವಿಯ ಪಕ್ಕದ ತಗ್ಗಿನಿಂದ ಕಿರುಬಾಯಿ ಕಪ್ಪೆಗಳ ಕಿರ್ ಕಿರ್ ಎಂಬ ಕೂಗು—ಇಷ್ಟು ಉಳಿದಿವೆ. ಆ ಕಿರುಬಾಯಿಗಳು ನಮ್ಮೂರ ಹೆಸರನ್ನು ಹೊತ್ತವಲ್ಲ. ದೇಶದಲ್ಲೆಲ್ಲ ಕಾಣುವ ಸಾಮಾನ್ಯ ಜಾತಿಯವು. ಆದರೆ ಬದುಕುವ ಕ್ರಮವು ಒಂದೇ.

ಆ ತಗ್ಗಿನ ವಿಷಯವಾಗಿಯೇ ನಮ್ಮ ಮನೆಯಲ್ಲಿ ಈ ವರ್ಷ ಚರ್ಚೆಯೆದ್ದಿತು. ಹಿಂದಿನ ಆಟಿಯ ಮಳೆಯಲ್ಲಿ ಚಿಕ್ಕಮ್ಮನವರು ಅಂಗಳದ ಪಾಚಿಗೆ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ನಮ್ಮ ತಮ್ಮನು ಅಂಗಳಕ್ಕೆಲ್ಲ ಇಂಟರ್‌ಲಾಕ್ ಎಂಬ ಸಿಮೆಂಟಿನ ಬಿಲ್ಲೆಗಳನ್ನು ಹಾಸಿ, ಬಾವಿಯ ಪಕ್ಕದ ತಗ್ಗನ್ನು ತುಂಬಿಸಿಬಿಡಬೇಕೆಂದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಮುದುಕರ ಎಲುಬಿಗಿಂತ ಕಪ್ಪೆಯ ಮೊಟ್ಟೆಯು ಹೆಚ್ಚೆಂದು ಯಾವ ಗೃಹಸ್ಥನು ಹೇಳಿಯಾನು? ತಗ್ಗಿನ ನೀರಿನಲ್ಲಿ ಸೊಳ್ಳೆಯಾಗುತ್ತದೆಂದು ಅವನ ಹೆಂಡತಿಯೂ ಹೇಳಿದಳು. ಮಲೇರಿಯಕ್ಕೆ ಹೆಸರಾದ ಊರಿನಲ್ಲಿ ಅದೂ ಕಿವಿಯ ಮೇಲೆ ಹಾಕಿಕೊಳ್ಳತಕ್ಕ ಮಾತೇ. ಇನ್ನೊಂದು ಕಡೆ ಹುಡುಗನು ಕಣ್ಣೀರು ತುಂಬಿಕೊಂಡು ತಗ್ಗಿನ ಅಂಚಿನಲ್ಲಿ ಕುಳಿತಿದ್ದನು.

ತೀರ್ಮಾನವನ್ನು ಹೇಳಿದವರು ಬಿದ್ದವರೇ. “ನನಗೆ ನಡೆಯಲಿಕ್ಕೆ ಒಂದು ದಾರಿ ಸಾಕು ಮಾರಾಯ, ಅಂಗಳ ಪೂರ್ತಿ ಯಾಕೆ? ನೀರು ಇಳಿಯಲಿಕ್ಕೆ ಜಾಗ ಇಲ್ಲದಿದ್ದರೆ ಬಾವಿಗೆ ನೀರು ಎಲ್ಲಿಂದ ಬರುವುದು?” ಎಂದು ಚಿಕ್ಕಮ್ಮನವರು ಕಟ್ಟುಹಾಕಿದ ಕೈಯಿಂದಲೇ ದಾರಿಯನ್ನು ತೋರಿಸಿದರು. ಜಗಲಿಯಿಂದ ಗೇಟಿಗೆ ಒಂದು, ಜಗಲಿಯಿಂದ ಬಾವಿಕಟ್ಟೆಗೆ ಒಂದು, ಹೀಗೆ ಎರಡು ದಾರಿಗಳಿಗೆ ಜಾರದಂತಹ ಒರಟು ಕಲ್ಲನ್ನು ಹಾಸಿ, ಒಂದು ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆಯನ್ನು ನೆಡಿಸಿದೆವು. ಖರ್ಚು ಅರ್ಧಕ್ಕಿಂತ ಕಡಮೆಯಾಯಿತು. ಮಿಕ್ಕ ಅಂಗಳವು ಮಣ್ಣಾಗಿಯೇ ಉಳಿಯಿತು. ಸೊಳ್ಳೆಯ ವಿಷಯದಲ್ಲಿ ಮನೆಯ ಹೆಂಗಸರೇ ಒಂದು ಕ್ರಮವನ್ನು ಮಾಡಿದರು: ಡ್ರಮ್ಮು, ಹೂವಿನ ಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟಯರು ಇವುಗಳ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲುವುದು, ಟಾಂಕಿಯನ್ನು ಮುಚ್ಚಿಡುವುದು, ತಗ್ಗಿನ ನೀರನ್ನು ಹುಡುಗನು ಪ್ರತಿ ಆದಿತ್ಯವಾರ ಬಿಳಿಯ ಬಟ್ಟಲಿನಲ್ಲಿ ಎತ್ತಿ ನೋಡಿ, ಸೊಳ್ಳೆಯ ಮರಿ ಕಂಡರೆ ಹೇಳುವುದು. ಬಟ್ಟಲಿನಲ್ಲಿ ಗಾಜಿನಂತಹ ಗೊದಮೊಟ್ಟೆಗಳನ್ನು ಮೊದಲ ಸಲ ಕಂಡ ದಿನ ಅವನಿಗೆ ಕೊಂಬಿನ ಕಪ್ಪೆಯ ನೆನಪೇ ಇರಲಿಲ್ಲ.

ಕಪ್ಪೆಯ ಬೆಲೆಯನ್ನು ನಮ್ಮ ದೇಶವು ಒಮ್ಮೆ ಸಂತೆಯ ದರದಲ್ಲಿ ಅಳೆದುದುಂಟು. ಪರದೇಶದ ಭೋಜನಕ್ಕೆಂದು ಕಪ್ಪೆಯ ಕಾಲುಗಳನ್ನು ಹಡಗು ತುಂಬಿಸಿ ಕಳುಹಿಸುತ್ತಿದ್ದ ವ್ಯಾಪಾರವನ್ನು ೧೯೮೭ರಲ್ಲಿ ಸರಕಾರವು ನಿಷೇಧಿಸಿತು. ಹೊಲಗದ್ದೆಗಳಲ್ಲಿ ಹುಳುಹುಪ್ಪಟೆಗಳನ್ನು ತಿನ್ನುವ ಕಪ್ಪೆಯನ್ನು ಮಾರಿ, ಆ ಹುಳುಗಳನ್ನು ಕೊಲ್ಲಲು ವಿಷವನ್ನು ಕೊಳ್ಳುವುದು ಎಂತಹ ಗೃಹಕೃತ್ಯ? ಆದರೆ ಆ ವ್ಯಾಪಾರಕ್ಕೆ ಸಿಕ್ಕಿದುದು ದೊಡ್ಡ ಕಪ್ಪೆಗಳು. ಕೊಡಿಯಾಲದ ಕಪ್ಪೆಗೆ ಪೇಟೆಯ ಬೆಲೆಯು ಯಾವ ಕಾಲದಲ್ಲಿಯೂ ಬರಲಾರದು. ಅದರ ಕಾಲನ್ನು ಉಣ್ಣುವವರಿಲ್ಲ, ಚರ್ಮಕ್ಕೆ ಗಿರಾಕಿಯಿಲ್ಲ, ಅದನ್ನು ನೋಡಲು ಟಿಕೇಟು ಕೊಳ್ಳುವವರೂ ಇಲ್ಲ. ಅದು ನಿಂತ ನೆಲಕ್ಕೆ ಮಾತ್ರ ಬೆಲೆಯುಂಟು, ಅದೂ ದಿನದಿನಕ್ಕೆ ಏರುವ ಬೆಲೆ. ಒಂದು ಗೋದಾಮಿನ ತಳಪಾಯಕ್ಕೋ ಒಂದು ರಸ್ತೆ ಅಗಲಿಸುವುದಕ್ಕೋ ನಾಲ್ಕು ಲೋಡು ಮಣ್ಣು ಸುರಿದರೆ ಸಾಕು. ಯಾರ ಮೇಲೆಯೂ ಅಪರಾಧ ಹೊರಿಸಲಾಗದಂತೆ ಒಂದು ಸಂತತಿಯ ಕಥೆ ಮುಗಿಯಬಹುದು. ಹೆಸರಿಟ್ಟುದರ ಪ್ರಯೋಜನವು ಇಲ್ಲಿಯೇ. ಹೆಸರಿಲ್ಲದುದು ಹೋದರೆ ಹೋಯಿತೆಂದು ಹೇಳುವವರೂ ಇರುವುದಿಲ್ಲ.

ಬಂದರಿನ ಮಗ್ಗುಲ ಆ ನೆಲವನ್ನು ಕಾಪಾಡುವ ಶಕ್ತಿಯು ನಮ್ಮಂತಹ ಗೃಹಸ್ಥರ ಕೈಯಲ್ಲಿಲ್ಲ. ಅದು ಊರನ್ನು ಆಳುವವರು, ಕಾರ್ಖಾನೆಗಳನ್ನು ನಡೆಸುವವರು, ವಿದ್ವಾಂಸರು ಒಟ್ಟಿಗೆ ಕುಳಿತು ಮಾಡತಕ್ಕ ಕೆಲಸ; ಅವರಿಗೆ ನಾಲ್ಕು ಸಾಲು ಬರೆದು ನೆನಪು ಮಾಡುವುದು ಮಾತ್ರ ನಮ್ಮಿಂದಾಗುವುದು, ಅದನ್ನು ಮಾಡಿದ್ದೇವೆ. ಆದರೆ ಮನೆಮನೆಯ ಅಂಗಳಗಳು ನಮ್ಮವೇ. ಅಂಗಳದ ಒಂದು ಮೂಲೆಯನ್ನು ಮಣ್ಣಾಗಿ ಬಿಡುವುದು, ಮಾಡಿನ ನೀರನ್ನು ಚರಂಡಿಗೆ ಹರಿಯಗೊಡದೆ ನೆಲಕ್ಕೆ ಇಳಿಸುವುದು, ತರಗೆಲೆಗಳನ್ನು ಸುಡದೆ ಗಿಡದ ಬುಡಕ್ಕೆ ಹಾಕುವುದು, ಹುಲ್ಲಿಗೆ ವಿಷ ಹೊಡೆಯದಿರುವುದು, ಬಚ್ಚಲಿಗೆ ಬಂದ ಕಪ್ಪೆಯನ್ನು ಪೊರಕೆಯಿಂದ ಬಡಿಯದೆ ಒದ್ದೆ ಕೈಯಲ್ಲಿ ಎತ್ತಿ ಹೊರಗೆ ಬಿಡುವುದು, ಇವಿಷ್ಟಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಒದ್ದೆ ಕೈಯೆಂದು ಹೇಳಿದುದು ಸುಮ್ಮನಲ್ಲ. ಒಣಗಿದ ಕೈಯು ಕಪ್ಪೆಯ ತೊಗಲಿನ ಪಸೆಯನ್ನು ಹೀರುತ್ತದೆ. ಎತ್ತಿದ ಮೇಲೆ ಕೈ ತೊಳೆದುಕೊಂಡರಾಯಿತು.

ಬೈಲಿನಲ್ಲಿ ಭತ್ತವನ್ನು ಇನ್ನು ಬೆಳೆಯಲಾರೆವು. ಅದಕ್ಕಾಗಿ ಕಂಬನಿಗರೆಯುವುದೂ ವ್ಯರ್ಥ. ಆ ಗದ್ದೆಗಳ ಮೇಲೆ ಎದ್ದ ಶಾಲೆಗಳಲ್ಲಿ ನಮ್ಮ ಮಕ್ಕಳೇ ಓದುತ್ತಾರೆ. ನಮ್ಮ ಪಕ್ಕದ ಹಿತ್ತಿಲಿಗೂ ಮುಂದಿನ ವರ್ಷ ಮನೆ ಕಟ್ಟಲು ಗುದ್ದಲಿ ಬೀಳುವುದೆಂದು ಕೇಳುತ್ತೇವೆ. ಅಲ್ಲಿಯ ಯಜಮಾನರು ನಮ್ಮ ಜಗಲಿಗೆ ಬಂದಾಗ ಚಿಕ್ಕಮ್ಮನವರು ಚಹ ಕೊಟ್ಟು, ಬಾವಿಯ ನೀರು ಇಬ್ಬರಿಗೂ ಒಂದೇ ಒಸರಿನದೆಂಬುದನ್ನು ನೆನಪಿಸಿದ್ದಾರೆ. ಅವರು ನಕ್ಷೆಯನ್ನು ತರಿಸಿ ನೋಡೋಣವೆಂದು ಹೇಳಿ ಹೋಗಿದ್ದಾರೆ.